ಹಾಲುಹಲ್ಲಲ್ಲ, ಹಾಕಿಸಿ

ಪ್ರಶ್ನೆ: ಮಗಳಿಗೆ 7 ವರ್ಷ. ಹಿಂದಿನ ದವಡೆ ಹಲ್ಲುಗಳಿಗೆ ಸೀಲೆಂಟ್ ಹಾಕಿಸಿ ಎಂದು ಕಾರವಾರದ ದಂತವೈದ್ಯರು ಹೇಳಿದ್ದಾರೆ. ಹಾಲುಹಲ್ಲು, ಹೇಗೂ ಬೀಳುತ್ತದೆ ಎನ್ನುತ್ತಾರೆ ಅತ್ತೆ. ಏನು ಮಾಡಲಿ?
– ಓದುಗರು, ಅಂಕೋಲಾ

ಉತ್ತರ: ಅದು ಹಾಲುಹಲ್ಲಲ್ಲ ಅಮ್ಮಾ. 6ನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೂಡುವ ಶಾಶ್ವತ ದವಡೆ ಹಲ್ಲು. ಯಾವ ಹಲ್ಲೂ ಬೀಳದೆ ಬರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಅತ್ತೆಯವರನ್ನು ದೂರುವಂತಿಲ್ಲ. ಅದರ ಮೇಲಿನ ಸಂದುಗಳಿಗೆ ಬ್ರಷ್ಷಿನ ಎಳೆ ಇಳಿಯದು, ಹುಳುಕು ಶುರುವಾಗುವುದು ಅಲ್ಲೇ. ಸೀಲೆಂಟ್ ಆ ಸಂದುಗಳನ್ನು ಮುಚ್ಚುತ್ತದೆ. ಸಾಮಾನ್ಯವಾಗಿ ಕೊರೆಯುವುದಿಲ್ಲ, ಚುಚ್ಚುವುದಿಲ್ಲ, ಹಲ್ಲಿಗೆ ಕೆಲವೇ ನಿಮಿಷ. ಆದರೆ ಎಂಜಲು ತಾಗಿದರೆ ಅಂಟದು. ಮಗು ಅಷ್ಟು ಹೊತ್ತು ಬಾಯಿ ತೆರೆದು ಕೂರಬೇಕು.

ಈಗಾಗಲೇ ಗುಳಿ ಬಿದ್ದಿದ್ದರೆ ಫಿಲ್ಲಿಂಗ್ ಬೇಕಾದೀತು, ಮೊದಲು ಪರೀಕ್ಷೆ ಮಾಡಿಸಿ. ಖಾಸಗಿ ಖರ್ಚು ಭಾರವೆನಿಸಿದರೆ ಅಂಕೋಲೆಯ ತಾಲೂಕು ಆಸ್ಪತ್ರೆಯಲ್ಲೋ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ನಲ್ಲೋ ವಿಚಾರಿಸಿ. ಹಾಕಿಸಿದ ಮೇಲೆ 6 ತಿಂಗಳಿಗೊಮ್ಮೆ ತೋರಿಸಿ. ಕಿತ್ತುಬಂದಿದ್ದರೆ ಮತ್ತೆ ಹಾಕುತ್ತಾರೆ. ಹಲ್ಲುಗಳ ನಡುವಿನ ಹುಳುಕನ್ನು ಸೀಲೆಂಟ್ ತಡೆಯದು. ಹಾಗಾಗಿ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಸಲ ಉಜ್ಜಿಸಿ, ರಾತ್ರಿಯದನ್ನು ತಪ್ಪಿಸಬೇಡಿ. 12ರ ಹೊತ್ತಿಗೆ ಇನ್ನೊಂದು ಜೊತೆ ದವಡೆ ಹಲ್ಲು ಬಂದಾಗ ಮತ್ತೆ ಕೇಳಿ. ನಡುವೆ ನೋವು, ವಸಡಿನ ಊತ ಕಂಡರೆ ಕಾಯದೆ ದಂತವೈದ್ಯರ ಬಳಿ ಹೋಗಿ.