ಕೀಟನಾಶಕದ ಡಬ್ಬಿಯ ಮೇಲಣ ಚೀಟಿಯೂ ಜಮೀನುದಾರರ ಹೊಣೆಯೂ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಾಲೆಬಯಲಿನಲ್ಲಿ ಬತ್ತ, ಕಬ್ಬು, ಹಿಪ್ಪುನೇರಳೆಗಳು ಒಂದರ ಮಗ್ಗುಲಲ್ಲೊಂದು ಬೆಳೆಯುತ್ತಿರುವುದು ಸರ್ವರೂ ಬಲ್ಲ ಸಂಗತಿ. ಇಲ್ಲಿ ಬೆಳೆಗೆ ಕೀಟಬಾಧೆ ತಗುಲಿದಾಗ ಸಿಂಪಡಿಸುವ ದ್ರವ್ಯಗಳನ್ನು ರೈತರು ವಾಡಿಕೆಯಲ್ಲಿ “ಔಷಧಿ”ಯೆಂದು ಕರೆಯುವರು. ಪೈರಿಗೆ ಔಷಧಿಯಾದ ವಸ್ತುವು ಮನುಷ್ಯರಿಗೂ ದನಕರುಗಳಿಗೂ ರೇಷ್ಮೆಹುಳುವಿಗೂ ವಿಷವೇ ಆಗಿರುವುದೆಂಬುದನ್ನು ಈ ಹೆಸರು ಮರೆಯಿಸುವುದುಂಟು. ಆದಕಾರಣ ಡಬ್ಬಿಯ ಮೇಲಣ ಚೀಟಿಯನ್ನು ಓದಿ ತಿಳಿಯುವ ಕ್ರಮವನ್ನು ಪ್ರತಿಯೊಬ್ಬ ಜಮೀನುದಾರನೂ ಅರಿತಿರುವುದು ಅವಶ್ಯಕ.

1958ನೆಯ ಇಸವಿಯಲ್ಲಿ ಕೇರಳದಲ್ಲಿ ಪರಾಥಿಯಾನ್ ಎಂಬ ಕೀಟನಾಶಕವು ಸಾಗಣೆಯ ಕಾಲದಲ್ಲಿ ಆಹಾರಪದಾರ್ಥಕ್ಕೆ ಸೋರಿ, ಅದನ್ನುಂಡವರಲ್ಲಿ ನೂರಕ್ಕೂ ಮೇಲ್ಪಟ್ಟ ಜನರು ಮೃತರಾದರು. ಈ ದುರಂತದ ತರುವಾಯ ನಡೆದ ವಿಚಾರಣೆಯ ಫಲವಾಗಿ 1968ರಲ್ಲಿ ಕೀಟನಾಶಕಗಳ ಕಾಯಿದೆಯೂ 1971ರಲ್ಲಿ ಅದರ ನಿಯಮಗಳೂ ರಚಿತವಾದವು. ಡಬ್ಬಿಯ ಮೇಲೆ ಅಪಾಯದ ಗುರುತು ಇರತಕ್ಕದ್ದೆಂಬುದು ಈ ನಿಯಮಗಳಲ್ಲೊಂದು.

ಆ ಗುರುತು ಮೂಲೆಯ ಮೇಲೆ ನಿಂತ ಚೌಕದ ಆಕಾರದ್ದು. ಅದರ ಕೆಳಗಿನ ಅರ್ಧದ ಬಣ್ಣವು ವಿಷದ ತೀಕ್ಷ್ಣತೆಯನ್ನು ಸೂಚಿಸುವುದು. ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ. ಕೆಂಪು ಗುರುತಿನ ಮೇಲರ್ಧದಲ್ಲಿ ತಲೆಬುರುಡೆಯೂ ಅಡ್ಡಮೂಳೆಗಳೂ ಇರುವುವು. ಪರೀಕ್ಷೆಗೊಳಪಡಿಸಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಅವುಗಳ ದೇಹತೂಕದ ಒಂದು ಕಿಲೋಗ್ರಾಮಿಗೆ 1ರಿಂದ 50 ಮಿಲಿಗ್ರಾಮಿನಷ್ಟು ಬಾಯಿಯ ಮೂಲಕ ಸೇರಿದರೆ ಸಾಕಾಗುವ ವಿಷವು ಕೆಂಪು ವರ್ಗಕ್ಕೂ, 51ರಿಂದ 500ರವರೆಗಿನದು ಹಳದಿಗೂ, 501ರಿಂದ 5000ದವರೆಗಿನದು ನೀಲಿಗೂ, ಅದಕ್ಕೂ ಮೇಲ್ಪಟ್ಟುದು ಹಸಿರಿಗೂ ಸೇರುವುದು.

ಕೆಂಪು ಗುರುತಿನದು ಕೀಟವನ್ನು ಚೆನ್ನಾಗಿ ಕೊಲ್ಲುವುದೆಂದು ಕೆಲವರು ಭಾವಿಸುವರು. ಇದು ತಪ್ಪು ತಿಳುವಳಿಕೆ. ಬಣ್ಣವು ಸಿಂಪಡಿಸುವವನಿಗೊದಗುವ ಅಪಾಯವನ್ನು ಹೇಳುವುದೇ ಹೊರತು ಕೀಟದ ಮೇಲಣ ಪರಿಣಾಮವನ್ನಲ್ಲ. ಹಸಿರು ಗುರುತಿನದು ನಿರಪಾಯವೆಂದು ತಿಳಿಯುವುದೂ ಅಷ್ಟೇ ತಪ್ಪು.

ಚೀಟಿಯಿಲ್ಲದ ಸೀಸೆಯಲ್ಲಿರುವ ವಿಷಕ್ಕೆ ಹೆಸರೇ ಇಲ್ಲದಂತಾಗುವುದು. 2013ನೆಯ ಜುಲೈಯಲ್ಲಿ ಬಿಹಾರದ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಾನೊಕ್ರೋಟೋಫಾಸ್ ಬೆರೆತ ಎಣ್ಣೆಯ ಅಡಿಗೆಯನ್ನುಂಡು 23 ಮಕ್ಕಳು ಮಡಿದರು. 2018ನೆಯ ಡಿಸೆಂಬರಿನಲ್ಲಿ ನೆರೆಯ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದವನ್ನು ಸೇವಿಸಿ 17 ಮಂದಿ ಅಸುನೀಗಿದರು. ವಿಷವು ಬೀಗದೊಳಗಿರಬೇಕೆಂಬುದಕ್ಕೆ ಇವಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ.

ಜಮೀನುದಾರರು ಆಚರಿಸತಕ್ಕ ಕ್ರಮಗಳು:

1. ಮೊಹರು ಒಡೆಯದ, ಚೀಟಿ ಸ್ಪಷ್ಟವಾಗಿರುವ ಡಬ್ಬಿಯನ್ನೇ ರಶೀತಿ ಸಹಿತ ಕೊಳ್ಳತಕ್ಕದ್ದು. ಅವಧಿ ಮುಗಿದುದನ್ನು ಕೊಳ್ಳಕೂಡದು.

2. ವಿಷವನ್ನು ಸಾರಾಯಿ, ಪಾನಕ ಅಥವಾ ಎಣ್ಣೆಯ ಸೀಸೆಗೆ ಎಂದಿಗೂ ಬಗ್ಗಿಸಿಡಬಾರದು.

3. ದವಸ, ಮೇವು, ಅಡಿಗೆಮನೆಗಳಿಂದ ದೂರವಾಗಿ, ಮಕ್ಕಳ ಕೈಗೆ ನಿಲುಕದಂತೆ ಬೀಗ ಹಾಕಿ ಇಡತಕ್ಕದ್ದು.

4. ಓದು ಬಾರದ ಕೂಲಿಯಾಳಿಗೆ ಗುರುತನ್ನು ತೋರಿಸಿ, ಚೀಟಿಯಲ್ಲಿರುವುದನ್ನು ಓದಿ ಹೇಳಿದ ಹೊರತು ಪಂಪನ್ನು ಅವನ ಬೆನ್ನಿಗೆ ಏರಿಸಬಾರದು. ಕೈಚೀಲ, ಮುಖವಸ್ತ್ರ, ತುಂಬು ತೋಳಿನ ಅಂಗಿಗಳನ್ನು ಒದಗಿಸುವುದು ಕೆಲಸ ಮಾಡಿಸುವವನ ಹೊಣೆ.

5. ನೆರೆಯಲ್ಲಿ ಹಿಪ್ಪುನೇರಳೆಯಿದ್ದರೆ ಆ ರೈತನಿಗೆ ಮುಂಚಿತವಾಗಿ ತಿಳಿಸಿ, ಗಾಳಿ ಅತ್ತ ಬೀಸುವಾಗ ಸಿಂಪಡಿಸದಿರತಕ್ಕದ್ದು. ತುಂತುರು ಬಿದ್ದ ಸೊಪ್ಪನ್ನು ತಿಂದ ಹುಳುಗಳು ಸಾಯುವುವು.

6. ಬರಿದಾದ ಡಬ್ಬಿಯನ್ನು ನಾಲೆಗೆ ಎಸೆಯದೆ, ನೀರಿಗೆ ಬಳಸದೆ, ಒಡೆದು ಊರಿನಿಂದ ದೂರದಲ್ಲಿ ಹೂಳತಕ್ಕದ್ದು.

ವಿಷವೇರಿದಲ್ಲಿ ಬಟ್ಟೆ ಕಳಚಿ, ಮೈಯನ್ನು ಸೋಪಿನಿಂದ ತೊಳೆದು, ರೋಗಿಯನ್ನು ಒಡನೆಯೇ ಆಸ್ಪತ್ರೆಗೆ ಒಯ್ಯತಕ್ಕದ್ದು. ವೈದ್ಯರ ಸಲಹೆಯಿಲ್ಲದೆ ವಾಂತಿ ಮಾಡಿಸಬಾರದು. ಡಬ್ಬಿಯನ್ನು ಜೊತೆಯಲ್ಲಿ ಒಯ್ಯುವುದು ಅತಿಮುಖ್ಯ. ಮಾನೊಕ್ರೋಟೋಫಾಸಿನಂತಹ ರಂಜಕಯುಕ್ತ ವಿಷಗಳಿಗೆ ಅಟ್ರೋಪಿನ್ ಪ್ರತ್ಯೌಷಧವಾಗಿದ್ದು, ಎಲ್ಲ ವಿಷಗಳಿಗೂ ಅದು ಸಲ್ಲದು. ಯಾವ ವಿಷವೆಂಬುದನ್ನು ವೈದ್ಯರಿಗೆ ತಡವಿಲ್ಲದೆ ತಿಳಿಸುವುದು ಆ ಚೀಟಿಯೇ.

ಗ್ರಾಮದ ಮುಖಂಡರು ನಾಟಿಯ ಕಾಲಕ್ಕೆ ಮುಂಚೆ ಒಂದು ಸಂಜೆ ರೈತರನ್ನೂ ಕೂಲಿಯವರನ್ನೂ ಕೂಡಿಸಿ, ನಾಲ್ಕು ಬಣ್ಣಗಳ ಅರ್ಥವನ್ನು ತಿಳಿಯಹೇಳುವುದು ಯುಕ್ತ. ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳ ನೆರವನ್ನೂ ಇದಕ್ಕೆ ಪಡೆಯಬಹುದು.