ಮಧ್ಯಾಹ್ನ ಮಣ್ಣು ಹಸಿಯಾಗುತ್ತದೆಯೇ? ತೇವಾಂಶ ಸಂವೇದಕದ ತಾಪ ತಿದ್ದುಪಡಿ: ಒಂದು ಪಾಠಾನುಭವ

ಹಿನ್ನೆಲೆ

ಬೋಧನಾಭ್ಯಾಸದ ಅವಧಿಯಲ್ಲಿ ಹೊನ್ನಾಳಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ವಿಜ್ಞಾನ ಬೋಧಿಸುತ್ತಿದ್ದೆ. ಮಣ್ಣಿನ ತೇವಾಂಶ ಅಳೆಯುವ ಕೆಪ್ಯಾಸಿಟಿವ್ ಸಂವೇದಕವೊಂದನ್ನು ಆರ್ಡುಯಿನೋ ಫಲಕಕ್ಕೆ ಜೋಡಿಸಿ ತೋರಿಸಿದೆ. ಈ ಸಾಧನದಲ್ಲಿ ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ, ಹಸಿಯಾದಷ್ಟೂ ಇಳಿಯುತ್ತದೆ. ಅಡಿಕೆ ತೋಟವಿರುವ ಮನೆಯ ವಿದ್ಯಾರ್ಥಿನಿಯೊಬ್ಬಳು ಅದನ್ನು ಒಯ್ದು, ಎರಡು ದಿನದ ಅಂಕಿಗಳನ್ನು ಬರೆದು ತಂದಳು.

"ಸಾರ್, ನೀರು ಬಿಟ್ಟಿಲ್ಲ, ಮಳೆನೂ ಬಂದಿಲ್ಲ. ಆದ್ರೂ ಬೆಳಿಗ್ಗೆಗಿಂತ ಮಧ್ಯಾಹ್ನ ಹಸಿ ಐತೆ ಅಂತ ತೋರಿಸ್ತೈತೆ."

"ಬಿಸಿಲಿಗೆ ಮಣ್ಣು ಒಣಗುತ್ತಮ್ಮ, ಹಸಿಯಾಗಲ್ಲ. ನೋಡಿ ಬರೆಯೋದ್ರಲ್ಲಿ ತಪ್ಪಾಗಿದೆ" ಎಂದು ಅವಳ ನೋಟ್‌ಬುಕ್‌ನಲ್ಲಿ ಕೆಂಪು ಗೆರೆ ಎಳೆದೆ.

ರಾತ್ರಿ ಓದಿದಾಗ ನನ್ನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಒಣ ಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 3ರಿಂದ 5. ನೀರಿನದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 80. ಈ ದೊಡ್ಡ ಅಂತರವೇ ಸಂವೇದಕಕ್ಕೆ ಆಧಾರ. ಆದರೆ 40 ಡಿಗ್ರಿಯಲ್ಲಿ ನೀರಿನ ಸ್ಥಿರಾಂಕ ಸುಮಾರು 73ಕ್ಕೆ ಇಳಿಯುತ್ತದೆ. ಹಾಗಾದರೆ ಬಿಸಿ ಮಣ್ಣು ಒಣಗಿದಂತೆ ಕಾಣಬೇಕೇ ಹೊರತು ಹಸಿಯಾದಂತಲ್ಲ! ಇದನ್ನು ಮಾರ್ಗದರ್ಶಕ ಶಿಕ್ಷಕರಿಗೆ ವಿವರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ನೀವು ಅಳೆದು ನೋಡಿದ್ರಾ?"

ಚಟುವಟಿಕೆ

ತೋಟದಲ್ಲಿ ತಾಪವೂ ಬದಲಾಗುತ್ತದೆ, ತೇವವೂ ಬದಲಾಗುತ್ತದೆ. ಒಂದನ್ನು ಸ್ಥಿರವಾಗಿಡದೆ ಇನ್ನೊಂದರ ಪರಿಣಾಮ ತಿಳಿಯದು. ಆದ್ದರಿಂದ ಅದೇ ತೋಟದ ಮಣ್ಣು ತರಿಸಿ, ನೀರು ಕಲಸಿ, ಪ್ಲಾಸ್ಟಿಕ್ ಡಬ್ಬಿಯ ಅಂಚಿನವರೆಗೆ ಒತ್ತಿ ತುಂಬಿದೆವು. ಮುಚ್ಚಳದಲ್ಲಿ ಸೀಳು ಮಾಡಿ ಸಂವೇದಕವನ್ನೂ ತಾಪಮಾಪಕವನ್ನೂ ಇಳಿಸಿ, ಸೀಳನ್ನು ಮೇಣದಿಂದ ಮುಚ್ಚಿದೆವು. ಡಬ್ಬಿಯನ್ನು ತಗಡಿನ ಚಾವಣಿಯ ಜಗಲಿಯಲ್ಲಿ ನೆರಳಿಗಿಟ್ಟು, ಮಣ್ಣಿನ ತಾಪ ಏರಿದಂತೆ ಅಂಕಿ ಬರೆದುಕೊಂಡೆವು. ಬೆಳಿಗ್ಗೆ, ಸಂಜೆ ತೂಗಿದಾಗ ತೂಕ ಒಂದೇ ಇತ್ತು. ಅಂದರೆ ನೀರು ಹೊರಗೆ ಹೋಗಿಲ್ಲ.

22 ಡಿಗ್ರಿ – 521
26 ಡಿಗ್ರಿ – 513
30 ಡಿಗ್ರಿ – 503
34 ಡಿಗ್ರಿ – 497

ನೀರು ಇದ್ದಷ್ಟೇ ಇದೆ, ಅಂಕಿ ಮಾತ್ರ 24 ಇಳಿದಿದೆ. ವಿದ್ಯಾರ್ಥಿನಿ ಬರೆದದ್ದು ಸರಿಯಾಗಿತ್ತು. ಅದನ್ನು ಇಡೀ ತರಗತಿಯ ಮುಂದೆ ಹೇಳಿ, ಕೆಂಪು ಗೆರೆಯ ಪಕ್ಕದಲ್ಲಿ 'ಸರಿ' ಎಂದು ಬರೆದು ಸಹಿ ಮಾಡಿದೆ.

ನಾನು ಓದಿದ್ದು ಸುಳ್ಳಲ್ಲ, ಅಪೂರ್ಣ. ಮಣ್ಣಿನ ನೀರಿನಲ್ಲಿ ಕರಗಿದ ಲವಣಗಳಿಂದ ಬರುವ ವಿದ್ಯುತ್ ವಾಹಕತೆ ಡಿಗ್ರಿಗೆ ಸುಮಾರು ಶೇ. 2ರಷ್ಟು ಹೆಚ್ಚುತ್ತದೆ. ಕಡಿಮೆ ಆವರ್ತನದಲ್ಲಿ ಕೆಲಸ ಮಾಡುವ ಅಗ್ಗದ ಸಂವೇದಕಗಳಿಗೆ ಅದೂ ತೇವದಂತೆಯೇ ಕಾಣಬಹುದು. ಸಾಧನದ ಸರ್ಕಿಟ್ ಕೂಡ ಬಿಸಿಗೆ ಬದಲಾಗುತ್ತದೆ. ಯಾವುದರ ಪಾಲು ಎಷ್ಟೆಂದು ಈ ಡಬ್ಬಿ ಹೇಳದು. ಒಟ್ಟು ಪರಿಣಾಮವನ್ನು ಮಾತ್ರ ತಿದ್ದಬಹುದು.

ಲೆಕ್ಕ

12 ಡಿಗ್ರಿಗೆ 24 ಇಳಿದರೆ, ಡಿಗ್ರಿಗೆ 2. ಮಕ್ಕಳು 25 ಡಿಗ್ರಿಯನ್ನು ಆಧಾರವಾಗಿಟ್ಟುಕೊಂಡು ಸೂತ್ರ ಬರೆದರು:

ತಿದ್ದಿದ ಅಂಕಿ = ಓದಿದ ಅಂಕಿ + 2 × (ತಾಪ – 25)

ಇದರಂತೆ ನಾಲ್ಕು ಅಂಕಿಗಳು ಕ್ರಮವಾಗಿ 515, 515, 513, 515 ಆದವು. ವಿದ್ಯಾರ್ಥಿನಿಯ ಮನೆಯಲ್ಲಿ 510 ದಾಟಿದರೆ ಮೋಟಾರ್ ಹಾಕುವುದೆಂದು ಅವಳ ಅಪ್ಪ ಯೋಚಿಸಿದ್ದರು. ತಿದ್ದದಿದ್ದರೆ ಮಧ್ಯಾಹ್ನ 497 ಕಂಡು, ನೀರು ಬೇಕಾದ ಗಿಡಕ್ಕೂ 'ಇನ್ನೂ ಹಸಿ ಇದೆ' ಎಂದು ಸುಮ್ಮನಾಗುತ್ತಿದ್ದರು.

ಈ 2 ಎಂಬ ಸಂಖ್ಯೆ ಆ ಸಂವೇದಕಕ್ಕೆ, ಆ ಮಣ್ಣಿಗೆ, ಆ ಪ್ರಮಾಣದ ತೇವಕ್ಕೆ ಸೇರಿದ್ದು. ಎರೆಮಣ್ಣಾದರೆ ಮತ್ತೆ ಅಳೆಯಬೇಕು. ತೋಟದಲ್ಲಿ ತಾಪಮಾಪಕ ಸಂವೇದಕದಷ್ಟೇ ಆಳದಲ್ಲಿರಲಿ. ಮಣ್ಣಿನ ಮೇಲೆ ಉಳಿಯುವ ಸರ್ಕಿಟ್ ಭಾಗಕ್ಕೆ ನೆರಳಿರಲಿ. ಇಲ್ಲದಿದ್ದರೆ ಮಣ್ಣಿನ ತಾಪ ಒಂದು, ಸರ್ಕಿಟ್ಟಿನದು ಇನ್ನೊಂದು ಆಗಿ ಸೂತ್ರ ಕೈಕೊಡುತ್ತದೆ.

ನನ್ನ ಕಲಿಕೆ

ನನ್ನ ಪಾಠಯೋಜನೆಯಲ್ಲಿ 'ನಿರೀಕ್ಷಿತ ಉತ್ತರ' ಎಂಬ ಅಂಕಣವಿತ್ತು. ಅದಕ್ಕೆ ಹೊಂದದ್ದನ್ನೆಲ್ಲ ತಪ್ಪು ಎಂದುಕೊಂಡಿದ್ದೆ. ಈಗ ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕುತ್ತಿದ್ದೇನೆ: 'ಬೇರೆ ಉತ್ತರ ಬಂದರೆ, ಪರೀಕ್ಷಿಸುವುದು ಹೇಗೆ?' ಸಹಪ್ರಶಿಕ್ಷಣಾರ್ಥಿಗಳೂ ಇದನ್ನು ಒಂದು ಪಾಠದಲ್ಲಿ ಪ್ರಯತ್ನಿಸಿ ನೋಡಬಹುದು.