ಮೂರು ಏಷಣೆಗಳು ಮತ್ತು ನಮ್ಮ ಸಂಕಲ್ಪ

ಯುಗಾದಿ ಕಳೆದ ಕೆಲವು ವಾರಗಳ ಕಾಲ ಚಿಕಿತ್ಸಾಲಯಕ್ಕೆ ಬರುವ ಅನೇಕರ ಬಾಯಲ್ಲಿ ರೋಗದ ಮಾತಿಗಿಂತ ಸಂಕಲ್ಪದ ಮಾತೇ ಹೆಚ್ಚು. ಈ ವರ್ಷ ಹತ್ತು ಕಿಲೋ ತೂಕ ಇಳಿಸಬೇಕು, ನಸುಕಿನಲ್ಲಿಯೇ ಏಳಬೇಕು, ಸಕ್ಕರೆ ಮುಟ್ಟಬಾರದು, ಪ್ರತಿದಿನ ಯೋಗಾಸನ ಮಾಡಬೇಕು. ಕಾರಹುಣ್ಣಿಮೆಯ ಹೊತ್ತಿಗೆ ಇವುಗಳಲ್ಲಿ ಬಹುಪಾಲು ಮರೆತುಹೋಗಿರುತ್ತವೆ. ಮರೆತವರು ತಮಗೆ ಮನೋಬಲ ಸಾಲದೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಅನೇಕ ಸಂದರ್ಭಗಳಲ್ಲಿ ಆ ಸಂಕಲ್ಪವೇ ಅವರದಾಗಿರುವುದಿಲ್ಲ. ಬೇರೊಬ್ಬರಿಂದ ಕಡ ತಂದುದಾಗಿರುತ್ತದೆ.

ಚರಕ ಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯಕ್ಕೆ ‘ತಿಸ್ರೈಷಣೀಯ’ ಎಂದು ಹೆಸರು. ಏಷಣೆ ಎಂದರೆ ಬಯಸಿ ಅರಸುವುದು. ಸ್ವಸ್ಥಚಿತ್ತನಾದ ಮನುಷ್ಯನು ಪ್ರಾಣೈಷಣೆ, ಧನೈಷಣೆ, ಪರಲೋಕೈಷಣೆ ಎಂಬ ಮೂರನ್ನು ಅರಸಬೇಕೆಂದು ಅಲ್ಲಿ ಹೇಳಿದೆ. ವೈದ್ಯಗ್ರಂಥವೊಂದು ಬಯಕೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವುದು ಗಮನಿಸತಕ್ಕ ಸಂಗತಿ. ಮೊದಲ ಸ್ಥಾನ ಪ್ರಾಣಕ್ಕೆ, ಏಕೆಂದರೆ ಅದು ಹೋದರೆ ಉಳಿದೆಲ್ಲವೂ ಹೋಯಿತು. ಆರೋಗ್ಯವಂತನು ಸ್ವಸ್ಥವೃತ್ತವನ್ನು ಪಾಲಿಸಬೇಕು, ರೋಗಿಯು ಚಿಕಿತ್ಸೆಯಲ್ಲಿ ಅಲಕ್ಷ್ಯ ಮಾಡಬಾರದು ಎಂಬುದೇ ಪ್ರಾಣೈಷಣೆಯ ಮಾರ್ಗ. ಎರಡನೆಯದಾದ ಧನಕ್ಕೆ ಕೃಷಿ, ಪಶುಪಾಲನೆ, ವ್ಯಾಪಾರ, ರಾಜಸೇವೆಗಳನ್ನು ಚರಕರು ಹೆಸರಿಸುತ್ತಾರೆ. ಬದುಕುವ ಸಾಧನಗಳಿಲ್ಲದ ದೀರ್ಘಾಯುಷ್ಯಕ್ಕಿಂತ ದೊಡ್ಡ ದುರ್ಗತಿಯಿಲ್ಲವೆಂದೂ ಎಚ್ಚರಿಸುತ್ತಾರೆ. ಮೂರನೆಯದರ ವಿಷಯದಲ್ಲಿ, ಶ್ರೀಮಠದ ಪ್ರವಚನಗಳನ್ನು ಕೇಳುತ್ತ ಬಂದಿರುವ ತಮಗೆ ವೈದ್ಯರಾದ ನಾವು ಹೇಳಬೇಕಾದುದೇನೂ ಇಲ್ಲ.

ಇದೇ ಸೂತ್ರಸ್ಥಾನದ 7ನೆಯ ಅಧ್ಯಾಯವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ತಡೆಯಬಾರದ 13 ಶರೀರವೇಗಗಳನ್ನು ಅಲ್ಲಿ ಎಣಿಸಿದೆ. ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು ಅವುಗಳಲ್ಲಿ ಸೇರಿವೆ. ಅನಂತರ ತಡೆಯಲೇಬೇಕಾದ ಮನೋವೇಗಗಳ ಪಟ್ಟಿ ಬರುತ್ತದೆ. ಅದರಲ್ಲಿ ಲೋಭ, ಭಯ, ಕ್ರೋಧಗಳ ಜೊತೆಗೆ ಈರ್ಷ್ಯೆಯೂ ಇದೆ, ಪರರ ವಸ್ತುವಿಗೆ ಆಶೆಪಡುವ ‘ಅಭಿಧ್ಯಾ’ ಕೂಡ ಇದೆ. ಇಂದು ನಾವು ಈ ಎರಡು ಪಟ್ಟಿಗಳನ್ನು ಅದಲುಬದಲು ಮಾಡಿಕೊಂಡಿದ್ದೇವೆ. ಈರ್ಷ್ಯೆಯಿಂದ ಹುಟ್ಟಿದ ಗುರಿಯೊಂದಕ್ಕಾಗಿ ಹಸಿವನ್ನೂ ನಿದ್ರೆಯನ್ನೂ ತಡೆಯುತ್ತೇವೆ.

ಐವತ್ತರ ಸಮೀಪದ ತಾಯಿಯೊಬ್ಬರು ಎದೆಯುರಿ ಮತ್ತು ನಿದ್ರಾಹೀನತೆಯೆಂದು ನಮ್ಮಲ್ಲಿಗೆ ಬಂದಿದ್ದರು. ವಿಚಾರಿಸಲಾಗಿ, ಎರಡು ತಿಂಗಳಿಂದ ರಾತ್ರಿಯ ಊಟ ಬಿಟ್ಟಿದ್ದರು. ಬೆಳಿಗ್ಗೆ ಕುದಿಯುವ ನೀರಿಗೆ ಜೇನು, ನಿಂಬೆರಸ ಬೆರೆಸಿ ಕುಡಿಯುತ್ತಿದ್ದರು. (ಬಿಸಿಯೊಡನೆ ಜೇನು ಸೇವಿಸುವುದನ್ನು ಆಯುರ್ವೇದ ಒಪ್ಪುವುದಿಲ್ಲವೆಂದು ನಾವು ಎಷ್ಟು ಸಲ ಹೇಳಿದರೂ ಮೊಬೈಲಿನ ಸಲಹೆಯೇ ಗೆಲ್ಲುತ್ತದೆ.) ತೂಕ ಏಕೆ ಇಳಿಯಬೇಕೆಂದು ಕೇಳಿದೆವು. ಮಗಳ ಮದುವೆಯಲ್ಲಿ ಬೀಗರ ಕಡೆಯವರು ಫೋಟೋ ನೋಡಿ ಆಡಿಕೊಳ್ಳಬಾರದು ಎಂದರು. ಮದುವೆ ಮುಗಿದ ಮೇಲೆ ತಮ್ಮ ದೇಹದಿಂದ ತಮಗೇನು ಬೇಕು ಎಂದು ಮತ್ತೆ ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, “ನೆಲದ ಮ್ಯಾಲೆ ಕುಂತು ಪೂಜಿ ಮಾಡಿ, ಕೈ ಊರದ ಏಳಬೇಕ್ರಿ ಡಾಕ್ಟರ. ಅಷ್ಟಾದ್ರ ಸಾಕು” ಎಂದರು.

ಆ ಮಾತು ಅವರದೇ ಆಗಿತ್ತು. ಚಿಕಿತ್ಸೆಯನ್ನು ಅದಕ್ಕೆ ತಕ್ಕಂತೆ ಬದಲಿಸಿದೆವು. ರಾತ್ರಿ ಏಳೂವರೆಯೊಳಗೆ ಹೆಸರುಬೇಳೆಯ ತೊವ್ವೆ, ಒಂದು ಜೋಳದ ರೊಟ್ಟಿ. ಮೊಣಕಾಲಿಗೆ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ. ಸಂಜೆ ಇಪ್ಪತ್ತು ನಿಮಿಷ ನಡಿಗೆ. ಕುರ್ಚಿಯಿಂದ ಕೈಯೂರದೆ ಏಳುವ ಅಭ್ಯಾಸ, ದಿನಕ್ಕೆ ಐದು ಸಲ. ಎದೆಯುರಿ ಮೊದಲು ಶಮನವಾಯಿತು, ನಿದ್ರೆ ಆಮೇಲೆ ಬಂದಿತು. ಐದನೆಯ ತಿಂಗಳಲ್ಲಿ ಅವರು ಪೂಜೆಯ ಮಣೆಯಿಂದ ಕೈಯೂರದೆ ಎದ್ದರು. ತೂಕವೂ ನಾಲ್ಕು ಕಿಲೋ ಇಳಿದಿತ್ತು. ಅದನ್ನು ಅವರು ಕೇಳಲೂ ಇಲ್ಲ.

ಚಿಂತೆ, ಶೋಕ, ಭಯ, ಕ್ರೋಧಗಳಿಂದ ಕೂಡಿದವನಿಗೆ ಮಿತವಾಗಿ ಉಂಡ ಹಿತವಾದ ಅನ್ನವೂ ಜೀರ್ಣವಾಗದೆಂದು ಚರಕರ ವಿಮಾನಸ್ಥಾನದಲ್ಲಿ ಹೇಳಿದೆ. ಜನರು ಏನೆಂದಾರೋ ಎಂಬ ಭಯದಲ್ಲಿ ಕೈಗೊಂಡ ಪಥ್ಯವು ಪಥ್ಯವಾಗಿಯೇ ಉಳಿಯುವುದಿಲ್ಲ. ಧೀ, ಧೃತಿ, ಸ್ಮೃತಿ ಇವು ಕೆಟ್ಟಾಗ ಮಾಡುವ ಅಹಿತ ಕರ್ಮವನ್ನು ಶಾಸ್ತ್ರವು ಪ್ರಜ್ಞಾಪರಾಧವೆನ್ನುತ್ತದೆ. ಧೀ ಎಂದರೆ ಹಿತಾಹಿತಗಳನ್ನು ವಿಂಗಡಿಸುವ ಬುದ್ಧಿ, ಧೃತಿ ಎಂದರೆ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ, ಸ್ಮೃತಿ ಎಂದರೆ ಅರಿತುದನ್ನು ನೆನಪಿನಲ್ಲಿಡುವುದು. ಸಂಕಲ್ಪ ಮುರಿದಾಗ ಜನರು ಧೃತಿಯನ್ನು ದೂರುತ್ತಾರೆ. ಮೂವತ್ತು ವರ್ಷಕ್ಕೂ ಮೀರಿದ ವೃತ್ತಿಯಲ್ಲಿ ನಾವು ಕಂಡಂತೆ, ದೋಷವು ಹೆಚ್ಚಾಗಿ ಧೀಯಲ್ಲಿರುತ್ತದೆ: ಏನು ಬೇಕೆಂಬುದೇ ವಿಂಗಡವಾಗಿರುವುದಿಲ್ಲ.

ವಿಂಗಡಿಸುವುದು ಹೇಗೆ? ಇದು ಕೈಗೂಡಿದ ಸುದ್ದಿ ಮನೆಯವರಿಗಾಗಲಿ ಓಣಿಯವರಿಗಾಗಲಿ ಎಂದೂ ತಿಳಿಯದೆಂದಾದರೂ ತಮಗೆ ಇದು ಬೇಕೇ ಎಂದು ಕೇಳಿಕೊಳ್ಳಬೇಕು. ನಸುಕಿನಲ್ಲಿ ಮನಸ್ಸು ತಿಳಿಯಾಗಿರುವಾಗ ಕೇಳಿಕೊಂಡರೆ ಒಳ್ಳೆಯದು. ಒಂದು ದಿನದ ಉತ್ತರವನ್ನು ನಂಬದೆ, ಒಂದು ವಾರ ಕೇಳಿ, ಬಂದ ಉತ್ತರಗಳನ್ನು ಬರೆದಿಡಬೇಕು. ಮಕ್ಕಳ ಮೇಲೆ ಗುರಿ ಹೇರುವ ತಂದೆತಾಯಿಗಳೂ ಈ ಪ್ರಶ್ನೆಯನ್ನು ಮೊದಲು ತಮಗೇ ಹಾಕಿಕೊಳ್ಳಲಿ. ಪರೀಕ್ಷೆಯ ಕಾಲದಲ್ಲಿ ಹೊಟ್ಟೆನೋವೆಂದು ಕರೆತರುವ ಮಕ್ಕಳಲ್ಲಿ ಅನೇಕರಿಗೆ ಔಷಧ ಬೇಕಾಗಿರುವುದಿಲ್ಲ.

ಬೇಕಾದುದು ತಿಳಿದ ಮೇಲೆ ಅವಸರ ಸಲ್ಲದು. ರೂಢಿಯಾದ ಅಹಿತವನ್ನು ಕಾಲುಭಾಗದಂತೆ ಬಿಡುತ್ತ, ಹಿತವನ್ನು ಕಾಲುಭಾಗದಂತೆ ಸೇರಿಸುತ್ತ ಹೋಗಬೇಕೆಂಬ ಕ್ರಮವು ಮೇಲೆ ಹೇಳಿದ 7ನೆಯ ಅಧ್ಯಾಯದಲ್ಲಿಯೇ ಇದೆ. ದಿನಕ್ಕೆ ಎಂಟು ಕಪ್ ಚಹಾ ಕುಡಿಯುವವರು ಮೊದಲು ಎರಡನ್ನು ಬಿಟ್ಟು, ಆ ಹೊತ್ತಿಗೆ ಜೀರಿಗೆ ಕುದಿಸಿದ ನೀರನ್ನೋ ತಿಳಿಮಜ್ಜಿಗೆಯನ್ನೋ ಕುಡಿಯಲಿ. ಅನಂತರ ನಾಲ್ಕು, ಬಳಿಕ ಆರು. ಶಾಸ್ತ್ರವು ಹಂತಗಳ ನಡುವೆ ಒಂದು, ಎರಡು, ಮೂರು ದಿನಗಳ ಅಂತರ ಹೇಳಿದ್ದರೂ ಇಂದಿನ ರೋಗಿಗಳಿಗೆ ಪ್ರತಿ ಹಂತಕ್ಕೆ ಎರಡು ವಾರವಾದರೂ ಬೇಕೆಂಬುದು ನಮ್ಮ ಅಭಿಪ್ರಾಯ.

ಮಧುಮೇಹ, ರಕ್ತದೊತ್ತಡಗಳಿಗೆ ಮಾತ್ರೆ ಸೇವಿಸುವವರು ಆಹಾರಕ್ರಮ ಬದಲಿಸುವ ಮುನ್ನ ತಮ್ಮ ವೈದ್ಯರಿಗೆ ತಿಳಿಸಬೇಕು. ಊಟ ಕಡಿಮೆಯಾದಾಗ ಮಾತ್ರೆಯ ಪ್ರಮಾಣವನ್ನೂ ಬದಲಿಸಬೇಕಾದೀತು; ಅದನ್ನು ತಾವಾಗಿಯೇ ನಿಲ್ಲಿಸಬಾರದು.